ಕತ್ತಿ ಕೇಳಿದ ಸ್ಪೇನಿನ ಮೇಸ್ತ್ರಿ

ಶ್ರೀರಂಗಪಟ್ಟಣದ ನಮ್ಮ ಕುಲುಮೆಗೆ ಬಂದಿದ್ದ ಸ್ಪೇನಿನ ಮೇಸ್ತ್ರಿ ಬೆಳಗಾದರೆ ಮೀಸೆ ತಿರುವಿ, "ತೆ ಲೋ ದೋಯ್" ಎಂದು ತಮ್ಮ ಮಾತು ಹೇಳಿಕೊಡುತ್ತಿದ್ದರು. ಅಂದರೆ ನಿನಗೆ, ಅದನ್ನು, ಕೊಡುತ್ತೇನೆ. ಪದಗಳ ಸಾಲು ನಮ್ಮ ಮಾತಿನಂತೆಯೇ. ಕಲಿಯದವರಿಗೆ ಕೆಲಸವಿಲ್ಲ.

ಪರೀಕ್ಷೆಯ ದಿನ ನನ್ನ ಕೈಯಲ್ಲಿದ್ದ ಕತ್ತಿ ತೋರಿಸಿ "ದಾಮೆಲೋ" ಎಂದರು, ಅದನ್ನು ನನಗೆ ಕೊಡು ಎಂದು. "ತೆ ಲೋ ದೋಯ್" ಎನ್ನುತ್ತ ಕತ್ತಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟೆ. ಮತ್ತೆ ಕೇಳಿದರು. ಎತ್ತಿ ಮತ್ತೆ ಅಲ್ಲೇ ಇಟ್ಟೆ.

ನಮ್ಮಿಂದ ಕಲಿತ ಕನ್ನಡದಲ್ಲೇ ಗುಡುಗಿದರು: "ಕೈ ಚಾಚಿವ್ನಿ, ಕಾಣಾಕಿಲ್ವೇನ್ಲಾ? ನಡಿ ಮನೆಗೆ!"

"ಕತ್ತೀನ ಕೈಗೆ ಕೊಟ್ರೆ ಜಗಳಾಯ್ತದೆ ಕಣ್ ಸ್ವಾಮಿ."

"ಈಗ ಆಯ್ತಿರೋದು ಇನ್ನೇನ್ಲಾ?"

ಕುಲುಮೆಯೇ ನಕ್ಕಿತು. ಅವರು ಕತ್ತಿ ಎತ್ತಿಕೊಂಡು, ಅಲಗು ನೋಡಿ, ನನ್ನ ಕೈಗೆ ಕೊಡದೆ ಅಡಿಗಲ್ಲಿನ ಮೇಲೆಯೇ ಇಟ್ಟರು.

"ತೆ ಲೋ ದೋಯ್. ತಕ್ಕೊಂಡು ಕೆಲ್ಸ ಮಾಡ್ಲಾ."