ನೂರ ತೊಂಬತ್ತಮೂರನೇ ಪುಟ

"ನೀಲವ್ವ ಮ್ಯಾಲ ಬಂದ್ಲೋ ಇಲ್ಲೋ, ಅಷ್ಟ ಹೇಳ್ರಿ ಅಕ್ಕಾರ."

ಕಳೆದ ಬುಧವಾರ ಮಧ್ಯಾಹ್ನ. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದೆ. ಗೊತ್ತಿಲ್ಲದ ನಂಬರು. ಕ್ರೆಡಿಟ್ ಕಾರ್ಡ್ ಮಾರುವವರು ಇಷ್ಟು ಚೆಂದದ ಕನ್ನಡ ಮಾತಾಡುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ, "ಯಾವ ನೀಲವ್ವ?" ಎಂದು ಕೇಳಿದೆ.

"ಯಾವ ನೀಲವ್ವ?" ಎಂದು ಆ ಕಡೆಯ ಹೆಂಗಸು ನನ್ನ ಮಾತನ್ನೇ ತಿರುಗಿ ಹೇಳಿದರು. ಆಮೇಲೆ, "ನೀವ ಬರದಿದ್ರಲ್ರಿ, ಪೇಪರದಾಗ. ಹೊಸಾ ಕಾದಂಬರಿ ಅದ, ಓದ್ರಿ ಅಂತ?"

ಬರೆದಿದ್ದೆ. ನಿಮಗೂ ನೆನಪಿರಬಹುದು. ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ 'ನೀವು ಓದಲೇಬೇಕಾದ ಐದು ಹೊಸ ಕಾದಂಬರಿಗಳು' ಎಂದು ಪಟ್ಟಿ ಕೊಟ್ಟಿದ್ದೆ. ಅದರಲ್ಲಿ ಮೂರನೆಯದು ಒಂದು ಐತಿಹಾಸಿಕ ಕಾದಂಬರಿ. (ಹೆಸರು ಮತ್ತೆ ಹೇಳುವುದಿಲ್ಲ. ತಪ್ಪು ನನ್ನದು, ಲೇಖಕರಿಗೇಕೆ ಮುಜುಗರ?) ಸುಲ್ತಾನರ ಕಾಲದ ವಿಜಯಪುರದಲ್ಲಿ ಊರಿಗೆ ನೀರು ತರಲು ನೆಲದೊಳಗೆ ಸುರಂಗ ತೋಡಿದ ಕೂಲಿಗಳ ಕಥೆ. ಸುರಂಗದಲ್ಲಿ ಮಣ್ಣು ಕುಸಿಯುತ್ತದೆ. ಒಳಗಿದ್ದ ಗಂಡನನ್ನು ಹುಡುಕಲು ನೀಲವ್ವ ಎಂಬ ಹೆಂಗಸು ತಾನೇ ಹಗ್ಗ ಹೊಸೆದು, ಸೊಂಟಕ್ಕೆ ಕಟ್ಟಿಕೊಂಡು, ಸುರಂಗಕ್ಕೆ ದಾರಿಯಾದ ಬಾವಿಗೆ ಇಳಿಯುತ್ತಾಳೆ.

ಅದರ ಬಗ್ಗೆ ನಾನು ಬರೆದ ಕೊನೆಯ ಸಾಲು ಹೀಗಿತ್ತು: 'ಕೊನೆಯ ಅಧ್ಯಾಯ ಮುಗಿಸಿದ ಮೇಲೆ ಅರ್ಧ ದಿನ ನನಗೆ ಮಾತೇ ಹೊರಡಲಿಲ್ಲ.'

ಫೋನ್ ಮಾಡಿದವರ ಹೆಸರು ಮಹಾದೇವಿ. ಸಿಂದಗಿ ಕಡೆಯವರು. ಈಗ ಇರುವುದು ಮುಂಬೈ ಹತ್ತಿರ, ಕಳವಾ ಎಂಬಲ್ಲಿ. ಥಾಣೆಯ ವಾಗ್ಳೆ ಎಸ್ಟೇಟಿನ ಗಾರ್ಮೆಂಟ್ ಕಾರ್ಖಾನೆಯಿಂದ ಬರುವ ಶರ್ಟುಗಳ ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸಿ ಕೊಡುವುದು ಅವರ ಕೆಲಸ. ಒಂದೇ ಖೋಲಿಯಲ್ಲಿ ಐದು ಹೆಂಗಸರು ಸೇರಿ ಮಾಡುತ್ತಾರೆ. ಮಹಾದೇವಿ ಹತ್ತನೇ ಕ್ಲಾಸ್ ಓದಿದವರು. ಆದ್ದರಿಂದ ಅವರು ಗಟ್ಟಿಯಾಗಿ ಓದುವುದು, ಉಳಿದ ನಾಲ್ವರು ಕೇಳುತ್ತ ಕತ್ತರಿ ಆಡಿಸುವುದು. ಓದುವವಳ ಪಾಲಿನ ಶರ್ಟುಗಳನ್ನು ಕೇಳುವವರು ಹಂಚಿಕೊಂಡು ಮುಗಿಸಿಕೊಡುತ್ತಾರೆ. ಕಥೆ ಕೇಳಲು ಇಷ್ಟು ದುಡಿಯುವವರು ಇನ್ನೆಲ್ಲಾದರೂ ಇದ್ದಾರೆಯೇ?

ನನ್ನ ಮಾತು ನಂಬಿ ಡೊಂಬಿವಲಿಯಿಂದ ಪುಸ್ತಕ ತರಿಸಿದ್ದರಂತೆ. ದಿನಕ್ಕೆ ಐದಾರು ಪುಟ. ನೀಲವ್ವ ಬಾವಿಗೆ ಇಳಿದಳು, ಮೇಲಿನ ಬೆಳಕು ಕಾಣದಾಯಿತು, ಅಲ್ಲಿಗೆ ನೂರ ತೊಂಬತ್ತೆರಡನೇ ಪುಟ. ಮಹಾದೇವಿ ಪುಟ ತಿರುಗಿಸಿ ಓದಿದರು: 'ನೀಲವ್ವ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದಳು.'

"ಮ್ಯಾಲ ಬಂದ್ಲು ಅಂತ ಎಲ್ಲಾರೂ ಕತ್ತರಿ ಒಗದು ಚಪ್ಪಾಳಿ ಹೊಡದ್ವಿ ರೀ. ಒಬ್ಬಾಕಿ ಅತ್ತೇ ಬಿಟ್ಲು. ಮುಂದ ಎರಡ ಸಾಲು ಓದೂದ್ರಾಗ ತಿಳೀತು. ಇದು ಹಿಂದಿಂದ ಪೇಜ್. ನೂರಾ ಎಪ್ಪತ್ತೇಳು. ಹದಿನಾರು ಪೇಜ್ ಎರಡೆರಡು ಸಲ ಹಾಕ್ಯಾರ, ಕಡೀವು ಹದಿನಾರು ಇಲ್ಲಽ ಇಲ್ಲ."

ಈಗ ನನ್ನ ಸ್ಥಿತಿ ಕೇಳಿ. ನಾನು ಆ ಕಾದಂಬರಿಯಲ್ಲಿ ಓದಿದ್ದು ಸುಮಾರು ತೊಂಬತ್ತು ಪುಟ. ಅಷ್ಟರಲ್ಲಿ ಅಂಕಣದ ಡೆಡ್‌ಲೈನ್ ಬಂತು. ಮುನ್ನುಡಿ ಇತ್ತು, ಬೆನ್ನುಡಿ ಇತ್ತು, ಬಿಡುಗಡೆ ಸಮಾರಂಭದಲ್ಲಿ ಕೇಳಿದ ಎರಡು ಭಾಷಣಗಳಿದ್ದವು. ಅರ್ಧ ದಿನದ ಮೌನವನ್ನು ಮಾತ್ರ ನಾನೇ ಸ್ವಂತ ಸೇರಿಸಿದ್ದೆ.

ಆಗಲೇ ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಂಡೆನೇ? ಇಲ್ಲ. ಇಂಥ ಹೊತ್ತಿಗಾಗಿಯೇ ನಾವು ಬರೆಯುವವರು ಇಟ್ಟುಕೊಂಡ ಒಂದು ಮಾತಿದೆ. ಅದನ್ನೇ ತೆಗೆದೆ.

"ನೋಡಿ ಮಹಾದೇವಿ, ಅದು ಓಪನ್ ಎಂಡಿಂಗ್. ಕೊನೆಗೆ ಎಂತ ಆಯ್ತು ಅಂತ ಲೇಖಕರು ಓದುಗರ ಊಹೆಗೇ ಬಿಟ್ಟಿದ್ದಾರೆ."

"ಊಹೆಗೆ ಬಿಡಾಕ ಹದಿನಾರು ಪೇಜ್ ಬೇಕೇನ್ರಿ?"

ಅವರೇ ಮುಂದುವರಿಸಿದರು. ಕೇಳುವವರಲ್ಲಿ ಶಾಂತಾಬಾಯಿ ಎಂಬವರಿದ್ದಾರೆ, ಚಪ್ಪಾಳೆ ಹೊಡೆದು ಅತ್ತವರು ಅವರೇ. ಭಾನುವಾರದ ಗಾಡಿಗೆ ಗಂಡನೊಂದಿಗೆ ಆಳಂದದ ಹತ್ತಿರದ ತಮ್ಮ ಊರಿಗೆ ಹೋಗುತ್ತಿದ್ದಾರೆ. ಮತ್ತೆ ಬರುವುದಿಲ್ಲ. ಹೋಗುವ ಮೊದಲು ಅವರಿಗೆ ಕೊನೆ ಗೊತ್ತಾಗಬೇಕು.

"ಆಕೀ ಒಂದಽ ಮಾತು ಕೇಳಾಕತ್ತಾಳ ರೀ. ಮ್ಯಾಲ ಹಗ್ಗ ಹಿಡದಾವ್ರು ಯಾರು? ಅದನ್ನರ ಹೇಳ್ರಿ."

ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಡಬ್ಬಿಯ ಅನ್ನ ಹಾಗೇ ಉಳಿಯಿತು.

ಸಂಜೆ ಸಾನಪಾಡಾದ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಕಪಾಟಿನಿಂದ ನನ್ನ ಪ್ರತಿ ತೆಗೆದೆ. ನೂರ ತೊಂಬತ್ತೆರಡು. ಬೆಳಕು ಕಾಣದಾಯಿತು. ಮುಂದಿನ ಪುಟ ತಿರುಗಿಸಿದೆ.

ನೀಲವ್ವ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದಳು.

ನಿಂತಲ್ಲೇ ಕುಳಿತೆ. ನನ್ನನ್ನು ಅರ್ಧ ದಿನ ಮೂಕಿಯನ್ನಾಗಿ ಮಾಡಿದ ಅಧ್ಯಾಯ ನನ್ನ ಪುಸ್ತಕದಲ್ಲಿ ಇರಲೇ ಇಲ್ಲ! ಮಗಳು ವಿಷಯ ಏನೆಂದು ಕೇಳಿದಳು, ಹೇಳಿದೆ. ಅವಳು ಕನ್ನಡ ಓದುವವಳಲ್ಲ, ಮನೆಯಲ್ಲಿ ನಾವು ತುಳುವಿನಲ್ಲಿ ಮಾತಾಡಿಸಿದರೂ ಹಿಂದಿಯಲ್ಲೇ ಉತ್ತರಿಸುವವಳು. "ಅಮ್ಮಾ, ಪಢೇ ಬಿನಾ ಲಿಖ್ ದಿಯಾ?" ಎಂದಳು. ಓದದೇ ಬರೆದುಬಿಟ್ಟೆಯಾ ಎಂದು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಅವಳ ಮೇಲೆ. ನಮ್ಮ ಸಿಟ್ಟು ಯಾವಾಗಲೂ ಹೀಗೇ ಅಲ್ಲವೇ, ನಿಜ ಹೇಳಿದವರ ಕಡೆಗೇ ತಿರುಗುತ್ತದೆ.

ಮರುದಿನ ಬೆಂಗಳೂರಿನ ಪ್ರಕಾಶಕರಿಗೆ ಫೋನ್ ಮಾಡಿದೆ. ಪಾಪ, ಅವರಿಗೂ ಗಾಬರಿ. "ನಿಮ್ಮ ಕಡೆ ಕಳಿಸಿದ ಕಟ್ಟು ಪೂರ್ತಿ ಬೈಂಡಿಂಗ್‌ನಲ್ಲಿ ಹಾಗಾಗಿರ್ಬೇಕು ಮೇಡಂ. ಬೇರೆ ಕಡೆ ಎಲ್ಲ ಸರಿಯಾಗೇ ಇದೆ. ಆದ್ರೆ ಎರಡು ತಿಂಗ್ಳಾಯ್ತು, ಯಾರೂ ಏನೂ ಹೇಳ್ಲೇ ಇಲ್ವಲ್ಲ!"

ಅವರು ಚುಚ್ಚಲು ಹೇಳಿದ್ದಲ್ಲ. ನನಗೆ ಮಾತ್ರ ಆ ಕಟ್ಟು ಎಲ್ಲೆಲ್ಲಿಗೆ ಹೋಯಿತು ಎಂದು ಗೊತ್ತಿತ್ತು. ಡೊಂಬಿವಲಿಯ ಬಿಡುಗಡೆ ಸಮಾರಂಭದಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರತಿಯೂ ಖರ್ಚಾಗಿತ್ತು. ಕೊಂಡವರೆಲ್ಲ ನಾವೇ. ಭಾಷಣ ಮಾಡುವವರು, ವಿಮರ್ಶೆ ಬರೆಯುವವರು, ಸಂಘದ ಪದಾಧಿಕಾರಿಗಳು, ಲೇಖಕರೊಂದಿಗೆ ಫೋಟೋ ತೆಗೆಸಿಕೊಂಡವರು. ಅದಾಗಿ ಮೂರು ವಾರಕ್ಕೆ ಒಂದು ಮದುವೆಯಲ್ಲಿ ಸಿಕ್ಕ ಹಿರಿಯರೊಬ್ಬರು, "ಕ್ಲೈಮ್ಯಾಕ್ಸ್ ಎಂಥದ್ದು ಮಾರಾಯ್ರೆ!" ಎಂದಿದ್ದರು. "ಹೌದು, ಅದ್ಭುತ" ಎಂದಿದ್ದೆ ನಾನು. ಇಬ್ಬರೂ ಹೋಳಿಗೆ ತಿನ್ನುತ್ತಿದ್ದೆವು.

ಹೊಸ ಪುಸ್ತಕಗಳಿಗೆ ಓದುಗರಿಲ್ಲ ಎಂದು ನಾವು ಪ್ರತಿ ವೇದಿಕೆಯಲ್ಲೂ ಅಳುತ್ತೇವೆ. ಅಳುವಾಗ ಬೆರಳು ತೋರಿಸುವುದು ಯಾರ ಕಡೆಗೆ? ಮಕ್ಕಳ ಕಡೆಗೆ, ಮೊಬೈಲಿನ ಕಡೆಗೆ, ಮುಂಬೈಯ ಲೋಕಲ್ ಗಾಡಿಯ ನೂಕುನುಗ್ಗಲಿನ ಕಡೆಗೆ. ಒಬ್ಬ ಲೇಖಕ ನಾಲ್ಕೈದು ವರ್ಷ ಕುಳಿತು ಬರೆದಿದ್ದನ್ನು ನಾವು ಇಡ್ಲಿ ವಡೆ ತಿಂದು, ಒಂದು ಹಾರ ಹಾಕಿ, 'ಕನ್ನಡಕ್ಕೆ ಮಹತ್ವದ ಕೊಡುಗೆ' ಎಂದು ಹೇಳಿ ಕಪಾಟಿಗೆ ಸೇರಿಸುತ್ತೇವೆ. ಪುಸ್ತಕ ಚೆನ್ನಾಗಿಲ್ಲ ಎಂದು ಬಯ್ದರೂ ಲೇಖಕನಿಗೆ ಇದಕ್ಕಿಂತ ಸಮಾಧಾನವಾದೀತು. ಬಯ್ಯಲಿಕ್ಕಾದರೂ ಓದಬೇಕಲ್ಲ?

ಪ್ರಕಾಶಕರು ಆ ಹದಿನಾರು ಪುಟಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಮಹಾದೇವಿಗೆ ಫಾರ್ವರ್ಡ್ ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ಬೆರಳು ಅಲ್ಲಿಗೇ ಹೋಗಿತ್ತು ಕೂಡ. ಯಾಕೋ ಮನಸ್ಸು ಒಪ್ಪಲಿಲ್ಲ. ಪ್ರಿಂಟ್ ತೆಗೆಸಿ, ಶನಿವಾರ ನಾನೇ ತರುತ್ತೇನೆ ಎಂದು ಮಹಾದೇವಿಗೆ ಫೋನ್ ಮಾಡಿದೆ. ಓದಲಿಲ್ಲ. ಅವರಿಗಿಂತ ಮೊದಲು ಓದುವ ಹಕ್ಕು ನನಗಿಲ್ಲ ಅನ್ನಿಸಿತು.

ಶನಿವಾರ ಸಾನಪಾಡಾದಿಂದ ಥಾಣೆ, ಅಲ್ಲಿ ಸ್ಲೋ ಲೋಕಲ್ ಹಿಡಿದು ಒಂದೇ ಸ್ಟೇಷನ್. ಮಹಾದೇವಿ ಬ್ರಿಜ್ ಕೆಳಗೆ ಕಾಯುತ್ತಿದ್ದರು. ಖೋಲಿಯಲ್ಲಿ ಸೊಂಟದೆತ್ತರ ಶರ್ಟಿನ ರಾಶಿ, ಅದರ ನಡುವೆ ನಾಲ್ವರು. ಶಾಂತಾಬಾಯಿ ಬಾಗಿಲ ಹತ್ತಿರವೇ ಕುಳಿತಿದ್ದರು. ಸಣ್ಣ ಕಟ್ಟಿನ ಹೆಂಗಸು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಹಾಳೆಗಳನ್ನೇ ನೋಡಿದರು.

"ಮೊದಲು ಒಂದು ಮಾತು ಹೇಳಬೇಕು. ನಾನು ಈ ಪುಸ್ತಕ ಪೂರ್ತಿ ಓದದೆ ಬರೆದಿದ್ದೆ" ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳು ಬೇರೆಯೇ ಇದ್ದವು. ಯಾವುದೂ ಬಾಯಿಗೆ ಬರಲಿಲ್ಲ.

ಮಹಾದೇವಿ ನೀರು ಕೊಟ್ಟರು. "ನಂಗ ಗೊತ್ತಾಗಿತ್ತು ಬಿಡ್ರಿ. 'ಯಾವ ನೀಲವ್ವ' ಅಂದ್ರಲ್ಲ, ಆವಾಗ್ಲೇ."

"ಹಾಗಾದರೆ ನನ್ನನ್ನೇ ಯಾಕೆ ಕೇಳಿದಿರಿ?"

"ಮತ್ತ್ಯಾರ್ನ ಕೇಳೂಣ್ರಿ? ಪೇಪರದಾಗ ನಂಬರ್ ನಿಮ್ದೊಂದ ಇತ್ತು."

ಎಲ್ಲರೂ ನಕ್ಕರು. ಶಾಂತಾಬಾಯಿ ನಗಲಿಲ್ಲ. "ಓದ್ರಿ" ಎಂದರು.

ನನ್ನ ಉಡುಪಿ ಕನ್ನಡದಲ್ಲಿ ನಿಧಾನವಾಗಿ ಓದಿದೆ. ಬಹಳ ದಿನಗಳ ಮೇಲೆ ಮಹಾದೇವಿ ತಮ್ಮ ಪಾಲಿನ ಶರ್ಟುಗಳನ್ನು ತಾವೇ ಎತ್ತಿಕೊಂಡರು. ಐದು ಕತ್ತರಿಗಳ ಸದ್ದು. ಎಂಟನೇ ಪುಟದ ಹೊತ್ತಿಗೆ ಒಂದೊಂದಾಗಿ ಎಲ್ಲವೂ ನಿಂತವು. ಹಗ್ಗ ಹಿಡಿದವರು ಯಾರು ಎಂಬುದು ಅಲ್ಲಿ ಬರುತ್ತದೆ. (ನಾನು ಹೇಳುವುದಿಲ್ಲ. ನೀವೇ ಓದಿ.) ನಾನೂ ಹಾಳೆ ಕೆಳಗಿಟ್ಟು, ನೀರು ಕುಡಿದು ಮುಂದುವರಿಸಿದೆ. ಈ ಸಲ ಇದು ಸ್ವಂತ ಸೇರಿಸಿದ್ದಲ್ಲ.

ಓದಿ ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಶಾಂತಾಬಾಯಿ, "ಆ ಹಗ್ಗದ ಪೇಜ್ ಮತ್ತೊಮ್ಮೆ ಓದ್ರಿ" ಎಂದರು. ಓದಿದೆ. ಆಮೇಲೆ ತಾವಾಗಿಯೇ ಹೇಳಿದರು. ಡೊಂಬಿವಲಿಯಲ್ಲಿ ಗಟಾರದ ಪೈಪ್ ಹಾಕಲು ತೋಡಿದ ಗುಂಡಿಯಲ್ಲಿ ಅವರ ಗಂಡನ ಮೇಲೆ ಮಣ್ಣು ಕುಸಿದಿತ್ತು. ಮೇಲಿದ್ದ ಒಬ್ಬ, ಜನ ಬರುವ ತನಕ ಅವರ ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಡಲಿಲ್ಲ.

"ಅಂವನ ಅಂಗೈ ಸುಲದು ಹೋಗಿತ್ರಿ. ಬಿಹಾರದಂವ. ಹೆಸರೂ ಕೇಳಲಿಲ್ಲ ನಾವು. ನಮ್ಮ ಯಜಮಾನ್ರು ಉಳದ್ರು, ಬೆನ್ನು ಹೋತು. ಅದಕ್ಕ ಊರಿಗೆ ಹೊಂಟೀವಿ. ಬರದಾವ್ರಿಗೆ ಇದೆಲ್ಲಾ ಹೆಂಗ ಗೊತ್ತಾತೋ ಏನೋ."

ತೊಂಬತ್ತು ಪುಟ ಓದಿದ ನನಗೆ, ಅಲ್ಲಿ ಒಬ್ಬ ಹಗ್ಗ ಹಿಡಿದವನು ಇರಲೇಬೇಕು ಎಂಬ ಯೋಚನೆಯೇ ಬಂದಿರಲಿಲ್ಲ. ಒಂದು ಅಕ್ಷರವೂ ಬಾರದ ಶಾಂತಾಬಾಯಿ ಕೇಳಿದ ಮೊದಲ ಪ್ರಶ್ನೆಯೇ ಅದು.

ಹೊರಡುವಾಗ ಅವರು ಆ ಹಾಳೆಗಳನ್ನು ಕೇಳಿದರು. ಊರಿಗೆ ಒಯ್ಯುತ್ತಾರಂತೆ. ತಂಗಿಯ ಮಗಳು ಶಾಲೆಗೆ ಹೋಗುತ್ತಾಳೆ, ಅವಳಿಂದ ಓದಿಸಿ ಗಂಡನಿಗೆ ಕೇಳಿಸುತ್ತಾರಂತೆ. ಕೊಟ್ಟೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡರು.

ಸ್ಟೇಷನ್ ತನಕ ಬಂದ ಮಹಾದೇವಿ, "ಇನ್ನೊಂದು ಹೊಸಾ ಪುಸ್ತಕ ಹೇಳ್ರಿ. ಗಡಿಬಿಡಿ ಇಲ್ಲ. ಓದಿ ಹೇಳ್ರಿ" ಎಂದರು.

ನನ್ನ ಮೇಜಿನ ಮೇಲೆ ಈಗ ಆರು ಹೊಸ ಕಾದಂಬರಿಗಳಿವೆ. ಸಂಪಾದಕರು ಪಟ್ಟಿ ಕೇಳುತ್ತಿದ್ದಾರೆ. ನಾನಿನ್ನೂ ಮೊದಲನೆಯದರ ನಲವತ್ತೊಂದನೇ ಪುಟದಲ್ಲಿದ್ದೇನೆ. ಕಾಯಲಿ.

ಅಂದ ಹಾಗೆ, ಡೊಂಬಿವಲಿಯಲ್ಲಿ ಅಂದು ಆ ಕಾದಂಬರಿ ಕೊಂಡವರೇ, ಅದರ ಕ್ಲೈಮ್ಯಾಕ್ಸ್ ಹೊಗಳಿದ ಹಿರಿಯರೇ, ಬಾವಿಗೆ ಇಳಿದ ನೀಲವ್ವ ನಿಮ್ಮ ಪುಸ್ತಕದ ಮುಂದಿನ ಪುಟದಲ್ಲಿ ಏನು ಮಾಡುತ್ತಿದ್ದಾಳೆ?