ನಡುಗಡ್ಡೆಯಲ್ಲಿ ಹೂತ ಅನ್ನ

ನನ್ನ ಅಣ್ಣ ಕೊಪ್ಪದಲ್ಲಿ ಜೀಪು ಓಡಿಸುವುದನ್ನು ಬಿಟ್ಟು ಹಳೆಯದೊಂದು ಲಾಂಚು ಕೊಂಡಾಗ ಮನೆಯಲ್ಲಿ ಯಾರೂ ಖುಷಿಪಡಲಿಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನರಸಿಂಹರಾಜಪುರದ ಹತ್ತಿರ ಭದ್ರಾ ಹಿನ್ನೀರಿನಲ್ಲಿ ಜನರನ್ನು ಸುತ್ತಾಡಿಸಿ ದೋಣಿಯಲ್ಲೇ ಬಿಸಿ ಊಟ ಬಡಿಸಬೇಕೆಂಬುದು ಅವನ ಆಸೆ. ನಾನು ಆಗ ಕೊಪ್ಪದ ಬಸ್ ಸ್ಟ್ಯಾಂಡಿನ ಪಕ್ಕ ಮೆಸ್ಸು ನಡೆಸುತ್ತಿದ್ದೆ.

“ನಿನ್ನ ಕೈಯಡುಗೆ, ನನ್ನ ಎಂಜಿನ್ನು. ಮತ್ತೆಂತ ಬೇಕು ಮಾರಾಯ್ತಿ?” ಎಂದ. ಮೆಸ್ಸಿಗೆ ಬೀಗ ಹಾಕಿ ಹೋದೆ.

ಲಾಂಚಿನ ಹಿಂಭಾಗಕ್ಕೆ ತಗಡು ಹೊಡೆದು ಮಾಡಿದ್ದೇ ಅಡುಗೆಮನೆ. ಗಾಳಿ ಎದ್ದರೆ ಒಂದು ಕೈಯಲ್ಲಿ ಸಾರಿನ ಪಾತ್ರೆ ಹಿಡಿದುಕೊಂಡೇ ಒಗ್ಗರಣೆ ಹಾಕಬೇಕಿತ್ತು. ಆದರೂ ಆ ಕೆಲಸವನ್ನು ಇಷ್ಟಪಟ್ಟಷ್ಟು ಬೇರೆ ಯಾವ ಕೆಲಸವನ್ನೂ ನಾನು ಇಷ್ಟಪಟ್ಟಿಲ್ಲ.

ಅಣ್ಣನಿಗೆ ಒಂದೇ ಹಟ, ನೀರಿಗೆ ಒಂದು ಅಗಳೂ ಬೀಳಬಾರದು. ಬರುವವರಲ್ಲಿ ಹೆಚ್ಚಿನವರು ಶೃಂಗೇರಿಗೆ ಹೋಗಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದವರು. ಎಲೆಯಲ್ಲಿ ಉಳಿದದ್ದನ್ನು ಇಲ್ಲೂ ಮೀನಿಗೆ ಹಾಕಲು ಕಟಕಟೆಯತ್ತ ಏಳುತ್ತಿದ್ದರು.

“ಅಲ್ಲಿ ಹಾಕಿದ್ರೆ ಪುಣ್ಯ, ಇಲ್ಲಿ ಹಾಕಿದ್ರೆ ತಪ್ಪಾ?” ಎಂದು ಹಿರಿಯರೊಬ್ಬರು ಕೇಳಿದರು.

“ಅಲ್ಲಿ ನೀವು ಹಾಕಿದ್ದು ಒಂದು ಹಿಡಿ ಮಂಡಕ್ಕಿ. ಇದು ಸಾಂಬಾರು, ಎಣ್ಣೆ, ಉಪ್ಪಿನಕಾಯಿ. ಈ ನೀರನ್ನೇ ಕುಡಿಯೋರು ಕೆಳಗಡೆ ಇದಾರೆ ಸ್ವಾಮಿ” ಎಂದ ಅಣ್ಣ.

ಹಾಗಾಗಿ ಉಳಿದ ಅನ್ನ, ತರಕಾರಿ ಸಿಪ್ಪೆ, ಊಟದೆಲೆ ಎಲ್ಲವೂ ಮುಚ್ಚಳದ ಡ್ರಮ್ಮಿಗೆ ಹೋಗುತ್ತಿತ್ತು. ಸಂಜೆ ದಡದಲ್ಲಿ ಕಡಹಿನಬೈಲಿನ ಹೆಂಗಸೊಬ್ಬಳು ಕಾದಿದ್ದು ಅದನ್ನು ತನ್ನ ಎಮ್ಮೆಗಳಿಗೂ ಗೊಬ್ಬರದ ಗುಂಡಿಗೂ ಒಯ್ಯುತ್ತಿದ್ದಳು.

ಎರಡನೆಯ ಬೇಸಿಗೆಯಲ್ಲಿ ಜನ ಜಾಸ್ತಿಯಾದರು. ಬಿಸಿಲಿಗೆ ಕಾದ ಡ್ರಮ್ಮು ಮಧ್ಯಾಹ್ನವೇ ನಾರುತ್ತಿತ್ತು. ಒಂದು ಸಂಸಾರ ಮೂಗು ಮುಚ್ಚಿಕೊಂಡು ಊಟ ಬಿಟ್ಟೆದ್ದಿತು. ಅಣ್ಣನ ಮುಖ ಸಣ್ಣಗಾಯಿತು. ನೀರು ಇಳಿದು ಎದ್ದಿದ್ದ ನಡುಗಡ್ಡೆಯೊಂದರಲ್ಲಿ ನಾವು ದಿನವೂ ಲಾಂಚು ನಿಲ್ಲಿಸುತ್ತಿದ್ದೆವು. ಮರುದಿನ ಅವನು ಹಾರೆ ತಂದು ಅದರ ಒಂದು ತುದಿಯಲ್ಲಿ ಗುಂಡಿ ತೋಡಿದ.

“ಮಣ್ಣಿಗೆ ಹಾಕಿದ್ರೆ ಮಣ್ಣಾಗುತ್ತೆ. ನೀರೂ ಉಳೀತು, ನಾತಾನೂ ಹೋಯ್ತು” ಎಂದ. ನನಗೂ ಅದು ಸರಿಯೆನಿಸಿತು.

ಗಡ್ಡೆಯ ಇನ್ನೊಂದು ತುದಿ ರೀವ ಹಕ್ಕಿಗಳದ್ದು. ಕಪ್ಪು ಟೋಪಿ ಇಟ್ಟಂಥ ತಲೆ, ಹಳದಿ ಕೊಕ್ಕಿನ ಆ ಹಕ್ಕಿಗಳು ಗೂಡು ಕಟ್ಟುವುದಿಲ್ಲ, ಬರೀ ಜಲ್ಲಿನೆಲದ ಮೇಲೆ ಮೊಟ್ಟೆಯಿಟ್ಟು ಕೂರುತ್ತವೆ. ಅತ್ತ ಯಾರನ್ನೂ ಅಣ್ಣ ಬಿಡುತ್ತಿರಲಿಲ್ಲ. ಲಾಂಚಿನ ಸದ್ದಿಗೆ ಅವು ಗುಂಪಾಗಿ ಎದ್ದು ಕಿರುಚಿದರೆ, “ಸುಮ್ನಿರ್ರೇ, ನಾವು ನಿಮ್ಮೋರೇ” ಎಂದು ನಗುತ್ತಿದ್ದ.

ದಡದಿಂದ ಅಷ್ಟು ದೂರದ ಆ ಗಡ್ಡೆಯಲ್ಲಿ ಅಲ್ಲಿಯವರೆಗೆ ನಾನು ಕಾಗೆ ಕಂಡಿರಲಿಲ್ಲ. ಗುಂಡಿ ಬಿದ್ದ ಮೇಲೆ ಒಂದೆರಡು ಬಂದವು. ಆಮೇಲೆ ಹಿಂಡೇ ಬಂತು. ಹಸಿಮಣ್ಣು ಕೆದಕಿ ಅನ್ನ ಎಳೆದು ತಿಂದವು. ಅಣ್ಣ ಗುಂಡಿಯ ಮೇಲೆ ಕಲ್ಲು ಹೇರಿದ. ತಿನ್ನಲು ಸಿಗದೆ ಕಾಗೆಗಳು ಹಾರಿ ಹೋಗಬಹುದು ಎಂದುಕೊಂಡೆವು. ಅವು ಹೋಗಲಿಲ್ಲ, ರೀವಗಳಿದ್ದ ತುದಿಗೆ ಸರಿದವು.

ಒಂದು ಬೆಳಗ್ಗೆ ನಾವು ಹತ್ತಿರವಾದರೂ ರೀವಗಳ ಕೂಗು ಏಳಲಿಲ್ಲ. ಅಣ್ಣ ಎಂಜಿನ್ ನಿಲ್ಲಿಸಿ ಇಳಿದು ನಡೆದ. ಹಿಂದೆಯೇ ನಾನೂ ಹೋದೆ. ಜಲ್ಲಿಯ ಮೇಲೆಲ್ಲ ಒಡೆದ ಚಿಪ್ಪು. ಒಂದು ಮರಿ, ಹತ್ತಿಯಷ್ಟು ಹಗುರ, ಕಣ್ಣಿಲ್ಲದೆ ಬಿದ್ದಿತ್ತು. ಉಳಿದ ಐದಾರು ಹಕ್ಕಿಗಳು ಮೇಲೆ ಸುತ್ತುತ್ತಿದ್ದವು, ಕೆಳಗಿಳಿಯುವ ಧೈರ್ಯ ಅವಕ್ಕಿರಲಿಲ್ಲ.

“ಕಾಗೆಗಳನ್ನ ನಾವೇ ಊಟ ಹಾಕಿ ಕರ್ಕೊಂಡ್ ಬಂದ್ವಲ್ಲೇ” ಎಂದ ಅಣ್ಣ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ದಡಕ್ಕೆ ವಾಪಸು ಬಂದು, ಕಾದಿದ್ದ ಜನರನ್ನು ಕೈಮುಗಿದು ಕಳಿಸಿದ. ಮತ್ತೆ ಗಡ್ಡೆಗೆ ಹೋಗಿ ಗುಂಡಿ ಅಗೆದೆವು. ಹುಳಿತ ಅನ್ನ, ಅರ್ಧ ಕೊಳೆತ ಎಲೆ, ಹುಳ. ಗೋಣಿಚೀಲಗಳಿಗೆ ತುಂಬುತ್ತಿದ್ದವನು ಹಾರೆ ಕೆಳಗಿಟ್ಟು ಕುಳಿತುಬಿಟ್ಟ. “ಮಳೆಗಾಲದಲ್ಲಿ ಈ ಗಡ್ಡೆ ಪೂರಾ ಮುಳುಗುತ್ತೆ. ಹೂತಿದ್ದೆಲ್ಲ ನೀರಿಗೇ ಹೋಗ್ತಿತ್ತು. ನಂಗ್ಯಾಕೆ ತಲೆಗೆ ಬರ್ಲಿಲ್ಲ?” ನಾನು ಬೆವರು ಒರೆಸಿಕೊಳ್ಳಲು ಸೆರಗು ಕೊಟ್ಟೆ. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ.

ಗುಂಡಿ ಖಾಲಿಯಾದ ಮೇಲೂ ಕಾಗೆಗಳು ಬಹಳ ದಿನ ಅಲ್ಲೇ ಇದ್ದವು. ರೀವಗಳು ಒಂದೊಂದಾಗಿ ಕಾಣೆಯಾದವು. ಅಣ್ಣ ಲಾಂಚಿನ ಅಡುಗೆಮನೆ ಕಿತ್ತುಹಾಕಿದ. “ಡ್ರಮ್ಮಿಗೆ ನೆರಳು ಮಾಡಾಣ, ದಿನಕ್ಕೆರಡು ಸಲ ದಡ ಮುಟ್ಟಿಸಾಣ” ಎಂದು ನಾನು ಎಷ್ಟೋ ಹೇಳಿದೆ. ಕೇಳಲಿಲ್ಲ. ಊಟವಿಲ್ಲದ ಲಾಂಚಿಗೆ ಜನ ಕಡಿಮೆಯಾದರು. ನಾನು ಕೊಪ್ಪಕ್ಕೆ ಮರಳಿ ಮೆಸ್ಸಿನ ಬಾಗಿಲು ತೆರೆದೆ.

ಮುಂದಿನ ಬೇಸಿಗೆಯಲ್ಲಿ ರೀವಗಳು ಇನ್ನೊಂದು ಗಡ್ಡೆಗೆ ಬಂದಿವೆಯೆಂದು ಯಾರೋ ಹೇಳಿದರು. ನೋಡಿ ಬರೋಣವೆಂದು ಅಣ್ಣನನ್ನು ಕರೆದೆ.

“ನೀ ಹೋಗಿ ಬಾ” ಎಂದ. “ನಾ ಅತ್ತ ಬರ್ಲಿಕ್ಕಿಲ್ಲ.”

ಅವನಿಲ್ಲದೆ ಹೋಗಲು ನನಗೂ ಮನಸ್ಸಾಗಲಿಲ್ಲ.