ಇದ್ದಿಲ ಡಬ್ಬಿಯ ತೂಕ

ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಇದ್ದಿಲ ಡಬ್ಬಿಯನ್ನು ತೂಕದ ಯಂತ್ರದ ಮೇಲಿಟ್ಟೆ. ತೂಕ ಮಿತಿ ದಾಟಿತ್ತು. ದಾಟಿದರೆ ಡಬ್ಬಿ ತುಂಬಿದೆ ಎಂದರ್ಥ, ಬದಲಿಸಬೇಕು. ನಾನು ಬದಲಿಸಲಿಲ್ಲ. ಅದನ್ನೇ ಮತ್ತೆ ಕೊಳವೆಗೆ ಸಿಕ್ಕಿಸಿ ಬಾಗಿಲು ಎಳೆದುಕೊಂಡು ಬಂದೆ.

ಚಾಮರಾಜನಗರದ ಹೊರಗಿರುವ ನಮ್ಮ ಲ್ಯಾಬಿನಲ್ಲಿ, ಕ್ಯಾನ್ಸರ್ ಮೂಳೆಗೆ ಹೇಗೆ ಹರಡುತ್ತದೆ ಎಂಬುದನ್ನು ಇಲಿಗಳಲ್ಲಿ ನೋಡುತ್ತೇವೆ. ಇಲಿಗೆ ಸೇರಿಸುವ ಕ್ಯಾನ್ಸರ್ ಕೋಶಗಳಿಗೆ ಮಿಂಚುಹುಳದ ಬೆಳಗುವ ಗುಣವನ್ನು ಮೊದಲೇ ಕೂಡಿಸಿರುತ್ತಾರೆ. ಒಂದು ಔಷಧಿ ಚುಚ್ಚಿ, ಮಂಪರಿನ ಗ್ಯಾಸ್ ಕೊಟ್ಟು ಮಲಗಿಸಿ, ಕತ್ತಲ ಪೆಟ್ಟಿಗೆಯೊಳಗಿಟ್ಟರೆ ಆ ಕೋಶಗಳಿರುವ ಜಾಗ ಮಾತ್ರ ಸಣ್ಣಗೆ ಬೆಳಗುತ್ತದೆ. ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಎಕ್ಸ್-ರೇ ಹೇಳುವುದು ಮೂಳೆ ಸವೆದ ಮೇಲೆ. ಇದು ಅದಕ್ಕೂ ಮೊದಲೇ ಹೇಳಿಬಿಡುತ್ತದೆ. ಮಿಕ್ಕ ಗ್ಯಾಸು ಕೋಣೆಯಲ್ಲಿ ತುಂಬದಂತೆ ಇದ್ದಿಲ ಡಬ್ಬಿ ಹೀರಿಕೊಳ್ಳುತ್ತದೆ. ಹೀರಿದಷ್ಟೂ ತೂಕ ಏರುತ್ತದೆ.

ನಾಲ್ಕು ವರ್ಷ ಆ ಕ್ಯಾಮೆರಾದ ಮುಂದಿನ ಕುರ್ಚಿ ನನ್ನದಾಗಿತ್ತು. ಆಮೇಲೆ ಗುಂಡ್ಲುಪೇಟೆಯಿಂದ ಅವಳು ಬಂದಳು. ನನಗಿಂತ ಚಿಕ್ಕವಳು, ದಿನಾ ಬಸ್ಸಿನಲ್ಲಿ ಓಡಾಡುವವಳು. ನಾನು 'ಏನೂ ಇಲ್ಲ' ಎಂದು ಬರೆದಿಟ್ಟಿದ್ದ ಇಲಿಯೊಂದನ್ನು ಅಂಗಾತ ಮಲಗಿಸಿ ಮತ್ತೊಂದು ಚಿತ್ರ ತೆಗೆದಳು. ಹಿಂಗಾಲಿನ ಮಂಡಿಯ ಕೆಳಗೆ ಸಾಸಿವೆಯಷ್ಟು ಬೆಳಕು.

"ಬೋರಲು ಮಲಗ್ಸುದ್ರೆ ಮೈಯೇ ಅಡ್ಡ ಬತ್ತದೆ ಕಣಕ್ಕ," ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನವೇ ನಮ್ಮ ಸರ್ ಕುರ್ಚಿಯನ್ನು ಅವಳಿಗೆ ಕೊಟ್ಟರು. ನನಗೆ ಉಳಿದದ್ದು ಡಬ್ಬಿ ತೂಗುವುದು, ಪಂಜರಗಳ ಚೀಟಿ ಬರೆಯುವುದು. ಇಲಿಗಳನ್ನು ನೋಡಿಕೊಳ್ಳುವ ಚಂದಕವಾಡಿಯ ಹಿರಿಯರೊಬ್ಬರು ಪಂಜರ ತೊಳೆಯುತ್ತಾ ನಕ್ಕರು. "ಏನವ್ವಾ, ಕುರ್ಚಿ ಓಯ್ತಾ? ಓಗ್ಲಿ ಬುಡು, ಯಾರು ಕುಂತ್ರೆ ಇಲಿಗೇನು!"

ಅವಳು ಕುಳ್ಳಿ, ಕುರ್ಚಿಯನ್ನು ತಗ್ಗಿಸಿಕೊಳ್ಳುತ್ತಿದ್ದಳು. ಯಾರೂ ಇಲ್ಲದಾಗ ನಾನು ಅದನ್ನು ನನ್ನ ಎತ್ತರಕ್ಕೆ ಏರಿಸಿಡುತ್ತಿದ್ದೆ. ಬೆಳಗ್ಗೆ ಬಂದು ಮತ್ತೆ ತಗ್ಗಿಸುತ್ತಿದ್ದಳು. ಯಾರು ಏರಿಸಿದ್ದೆಂದು ಒಮ್ಮೆಯೂ ಕೇಳಲಿಲ್ಲ.

ಡಬ್ಬಿ ಬದಲಿಸದ ಆ ದಿನ ಬೆಳಗ್ಗೆ ಸರ್ ಹೊರಗಿನಿಂದ ಬಂದವರಿಗೆ ಅವಳ ಚಿತ್ರ ತೋರಿಸಿ, "ಇಂಥ ಕಣ್ಣು ಬೇಕು ನೋಡಿ," ಎಂದಿದ್ದರು. ನಾನು ಪಕ್ಕದಲ್ಲೇ ಚೀಟಿ ಬರೆಯುತ್ತಿದ್ದೆ. ಡಬ್ಬಿ ತುಂಬಿದ್ದು ಕಂಡಾಗ, ಅವಳಿಗೆ ತಲೆನೋವು ಬರಲಿ, ಅವಳೇ ಎದ್ದು ಬಂದು 'ಅಕ್ಕಾ, ಸ್ವಲ್ಪ ನೋಡಿ' ಎಂದು ಕೇಳಲಿ ಅನ್ನಿಸಿತು. ಅಷ್ಟೇ ಬಯಸಿದ್ದು ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಒಂದು ಗಂಟೆಯೂ ಕಳೆದಿರಲಿಲ್ಲ, ಏನೋ ಬಿದ್ದ ಸದ್ದಾಯಿತು. "ಬರ್ರವ್ವಾ, ಹುಡ್ಗಿ ಬಿದ್ದೋದ್ಲು!" ಎಂದು ಹಿರಿಯರು ಕೂಗಿದರು. ಕಿಟಕಿಯಿಲ್ಲದ ಕೋಣೆ, ಬಾಗಿಲು ತೆಗೆದರೆ ಮೂಗಿಗೆ ಹೊಡೆಯುವ ಸಿಹಿ ವಾಸನೆ. ಗ್ಯಾಸ್ ನಿಲ್ಲಿಸಿ ಇಬ್ಬರೂ ಅವಳನ್ನು ಹೊರಗೆಳೆದೆವು. ಕಣ್ಣು ಬಿಟ್ಟವಳು ತಲೆ ಮುಟ್ಟಿಕೊಳ್ಳಲಿಲ್ಲ, ಹೊಟ್ಟೆ ಮುಟ್ಟಿಕೊಂಡಳು.

"ಯಾರ್ಗೂ ಯೋಳಿಲ್ಲ ಅಕ್ಕಾ. ಮೂರು ತಿಂಗ್ಳು."

ಮಗುವಿಗೆ ಏನಾದರೂ ಆಗಿದೆಯೇ ಎಂಬುದು ಐದನೇ ತಿಂಗಳ ಸ್ಕ್ಯಾನಿನಲ್ಲಿ ನೋಡಬೇಕು ಎಂದರು ಡಾಕ್ಟರು. ಅವಳು ರಜೆ ಹಾಕಿದಳು. ನಾನು ಸರ್ ಹತ್ತಿರ ಎಲ್ಲ ಹೇಳಿದೆ. ಆ ಕೋಣೆಗೆ ಕಾಲಿಡಬೇಡ ಎಂದರು. ಆ ಎರಡು ತಿಂಗಳು ಕಣ್ಣು ಮುಚ್ಚಿದರೆ ತೂಕದ ಅಂಕಿ, ಡಬ್ಬಿಯನ್ನು ಸಿಕ್ಕಿಸುವ ನನ್ನ ಕೈ.

ಸ್ಕ್ಯಾನಿಗೆ ಎರಡು ದಿನ ಇದ್ದಾಗ ಗುಂಡ್ಲುಪೇಟೆಗೆ ಹೋದೆ. ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಡಬ್ಬಿ ತುಂಬಿದ್ದು ನಂಗೆ ಗೊತ್ತಿತ್ತು. ತಪ್ಪು ಮಾಡ್ಬುಟ್ಟೆ ಕಣಮ್ಮಿ."

"ನಂಗೂ ಗೊತ್ತು ಕಣಕ್ಕ. ಅವತ್ತಿನ ತೂಕನೂ ಡಬ್ಬಿ ಮೇಲೆ ಬರ್ದಿದ್ರಲ್ಲ. ಹಿರೀರು ಫೋಟೋ ಕಳ್ಸಿದ್ರು." ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಕುರ್ಚಿ ಏರ್ಸಿಡೋರು ಯಾರು ಅಂತಾನೂ ಗೊತ್ತು. ಸ್ಕ್ಯಾನಿಗೆ ನೀವೇ ಬನ್ನಿ. ಪಕ್ದಲ್ಲಿ ನಿಂತ್ಕೊಂಡು ನೋಡಿ."

ದಿನಾ ತೂಗಿದ್ದನ್ನು ಡಬ್ಬಿಯ ಮೇಲೆ ಬರೆಯುವ ಅಭ್ಯಾಸದಲ್ಲಿ ಅವತ್ತೂ ಬರೆದಿದ್ದೆ. ಬರೆದದ್ದೇ ನೆನಪಿರಲಿಲ್ಲ.

ಗುರುವಾರ ಹೋದೆವು. ಮಗು ಬೆನ್ನು ತಿರುಗಿಸಿ ಮಲಗಿದೆ, ಸ್ವಲ್ಪ ಓಡಾಡಿ ಬನ್ನಿ ಎಂದರು ಡಾಕ್ಟರು. "ನೋಡಿ, ಇದೂ ಬೋರಲು," ಎಂದು ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಎರಡನೇ ಸಲ ಎಲ್ಲ ಕಂಡಿತು: ಬಡಿಯುವ ಹೃದಯ, ಮಣಿ ಪೋಣಿಸಿದಂಥ ಬೆನ್ನುಮೂಳೆ, ಬೆಳ್ಳಗೆ ಹೊಳೆಯುವ ತೊಡೆಯ ಮೂಳೆ. ಡಾಕ್ಟರು ಒಂದೊಂದನ್ನೂ ಅಳೆದು, ಎಲ್ಲ ಸರಿಯಾಗಿದೆ ಎಂದರು.

ಹೊರಗೆ ಬಂದಾಗ ಸರ್ ಅವಳಿಗೆ ಫೋನ್ ಮಾಡಿದ್ದರು. ಅವಳು ಬರುವವರೆಗೂ ಕುರ್ಚಿಗೆ ಯಾರನ್ನೂ ಕೂರಿಸುವುದಿಲ್ಲವಂತೆ. ನನ್ನ ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು, ಮೊದಲಿನಷ್ಟೇ. ಬಸ್ ಹತ್ತಿ ಮನೆಗೆ ಬಂದೆ. ಉರಿ ಇದ್ದಂತೆಯೇ ನಾನು ಮಲಗಿದೆ. ಕಣ್ಣು ಮುಚ್ಚಿದಾಗ ತೂಕದ ಅಂಕಿ ಬರಲಿಲ್ಲ. ಎಚ್ಚರವಾದಾಗ ಶುಕ್ರವಾರ, ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು.